ಎಣಿಸಿದವರ ಹೆಸರೂ ಇರಲಿ

ಮಾನ್ಯರೇ,

ಪರಮಾಣುವಿನ ನ್ಯೂಕ್ಲಿಯಸ್ (ನಟ್ಟನಡುವಿನ ತಿರುಳು) ಪತ್ತೆಯಾದ ಬಗೆಯನ್ನು ಕುರಿತು ಕಳೆದ ವಾರ ತಮ್ಮ ವಿದ್ಯಾರ್ಥಿ ಪುಟದಲ್ಲಿ ಬಂದ ಬರಹವನ್ನು ಒಂಬತ್ತನೇ ತರಗತಿಯ ಮೊಮ್ಮಗಳಿಗೆಂದು ಕತ್ತರಿಸಿ ಇಟ್ಟಿದ್ದೇನೆ. ಬರಹ ಚೆನ್ನಾಗಿದೆ, ಚಿತ್ರವೂ ಸ್ಪಷ್ಟವಾಗಿದೆ. ಆದರೆ ಮೊದಲಿಂದ ಕೊನೆಯವರೆಗೆ ಇರುವುದು ಒಂದೇ ಹೆಸರು. ಚಿನ್ನದ ಹಾಳೆಗೆ ಆಲ್ಫಾ ಕಣ (ರೇಡಿಯಂನಂಥ ವಸ್ತುಗಳಿಂದ ಚಿಮ್ಮುವ ಅತಿ ಸೂಕ್ಷ್ಮ ಕಣ) ಹಾಯಿಸಿದ್ದು ವಿಜ್ಞಾನಿ ರುದರ್‌ಫೋರ್ಡ್, ನೋಡಿದ್ದು ರುದರ್‌ಫೋರ್ಡ್, ಕಂಡುಹಿಡಿದದ್ದೂ ರುದರ್‌ಫೋರ್ಡ್. ನೋಡಿದ್ದು ಅವರಲ್ಲ ಸ್ವಾಮಿ.

ನೋಡಿದವರು ಇಬ್ಬರು. ಒಬ್ಬರು ಜರ್ಮನಿಯಿಂದ ಬಂದಿದ್ದ ಹಾನ್ಸ್ ಗೈಗರ್. ಇನ್ನೊಬ್ಬ ಅರ್ನೆಸ್ಟ್ ಮಾರ್ಸ್ಡನ್, ಆಗಿನ್ನೂ ಇಪ್ಪತ್ತರ ಹುಡುಗ, ಡಿಗ್ರಿ ಕೂಡ ಮುಗಿದಿರಲಿಲ್ಲ. ಜಾಗ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ, ವರ್ಷ 1909. ಹುಡುಗನಿಗೆ ಏನಾದರೂ ಕೆಲಸ ಕೊಡಬಹುದಲ್ಲ ಎಂದು ಗೈಗರ್ ಕೇಳಿದಾಗ, ಆಲ್ಫಾ ಕಣಗಳು ದೊಡ್ಡ ಕೋನದಲ್ಲಿ ತಿರುಗುತ್ತವೆಯೋ ನೋಡಲಿ ಎಂದರು ಅಲ್ಲಿ ಪ್ರಾಧ್ಯಾಪಕರಾಗಿದ್ದ ರುದರ್‌ಫೋರ್ಡ್. ಏನೂ ಕಾಣಲಿಕ್ಕಿಲ್ಲ ಎಂದೇ ಅವರ ಅಂದಾಜು.

ಆ ಕಾಲದಲ್ಲಿ ಆಲ್ಫಾ ಕಣ ಎಣಿಸುವುದೆಂದರೆ ಕಣ್ಣಿಗೆ ಶಿಕ್ಷೆ. ಸತುವಿನ ಸಲ್ಫೈಡ್ ಬಳಿದ ಸಣ್ಣ ಪರದೆಗೆ ಕಣ ಬಡಿದರೆ ಮಿಣಕ್ ಎಂದು ಒಂದು ಚುಕ್ಕೆ ಬೆಳಕು. ಅಷ್ಟರಲ್ಲಿ ಅದು ಮಾಯ. ಕಗ್ಗತ್ತಲ ಕೋಣೆಯಲ್ಲಿ ಕಣ್ಣು ಹದವಾಗುವವರೆಗೆ ಕಾದು, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಒಂದೊಂದನ್ನೇ ಎಣಿಸಬೇಕು. ಗೈಗರ್ ರಾತ್ರಿಯಿಡೀ ಬೇಕಾದರೂ ಎಣಿಸಬಲ್ಲರು, ತಾನು ಎರಡೇ ನಿಮಿಷಕ್ಕೆ ಬೈದುಕೊಂಡು ಎದ್ದುಬಿಟ್ಟೆ ಎಂದು ಸ್ವತಃ ರುದರ್‌ಫೋರ್ಡರೇ 1908ರಲ್ಲಿ ಒಂದು ಪತ್ರದಲ್ಲಿ ಬರೆದಿದ್ದಾರೆ. 1909ರ ಪ್ರಯೋಗದಲ್ಲಿ ಗೈಗರ್, ಮಾರ್ಸ್ಡನ್ ಇಬ್ಬರೂ, ಕಣ ಚಿಮ್ಮುವ ಮೂಲದಿಂದ ನೇರ ಬರುವ ಕಣ ಪರದೆಗೆ ತಾಗದಂತೆ ನಡುವೆ ಸೀಸದ ತಟ್ಟೆ ಅಡ್ಡ ಇಟ್ಟಿದ್ದರು. ಆದ್ದರಿಂದ ಪರದೆಯಲ್ಲಿ ಮಿಣುಕು ಕಂಡರೆ ಅದು ಲೋಹಕ್ಕೆ ಬಡಿದು ಹಿಂದಕ್ಕೆ ಪುಟಿದ ಕಣವೇ. ಕಂಡಿತು! ಚಿನ್ನವಲ್ಲದೆ ಬೇರೆ ಲೋಹಗಳನ್ನೂ ಇಟ್ಟು ನೋಡಿದ್ದರು; ಪ್ಲಾಟಿನಂ ಇಟ್ಟಾಗ ಸುಮಾರು 8000ಕ್ಕೆ ಒಂದರಂತೆ ವಾಪಸ್ ಬರುತ್ತಿತ್ತು. ತೆಳುಕಾಗದಕ್ಕೆ ಹೊಡೆದ ಫಿರಂಗಿ ಗುಂಡು ತಿರುಗಿ ಬಂದು ನಮಗೇ ಬಡಿದಂತೆ ಎಂಬ ರುದರ್‌ಫೋರ್ಡರ ಮಾತನ್ನು ತಾವು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಗುಂಡು ತಿರುಗಿ ಬಂದದ್ದನ್ನು ಕಣ್ಣಾರೆ ಕಂಡವರ ಹೆಸರಿಗೆ ಮಾತ್ರ ಜಾಗ ಸಿಗಲಿಲ್ಲ.

ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಕೊಯ್ಲಿನ ಕಾಲಕ್ಕೆ ಸಂಜೆ ಹಣ್ಣು ತೂಗಿಸಿ ಒಬ್ಬೊಬ್ಬರ ಹೆಸರಿನ ಮುಂದೆ ಕೆಜಿ ಬರೆಯುವುದು ನನ್ನ ಕೆಲಸ. ಕಾಫಿ ಮಾರಾಟದ ಕಾಗದದಲ್ಲಿ ಸಾಹುಕಾರರ ಹೆಸರಿರುತ್ತಿತ್ತು. ತೋಟ ಅವರದು, ಇರಬೇಕಾದ್ದೇ. ಆದರೆ ಚೆಕ್‌ರೋಲಿನಲ್ಲಿ (ಕೂಲಿಯವರ ದಿನದ ಲೆಕ್ಕದ ಪುಸ್ತಕದಲ್ಲಿ) ಕೊಯ್ದವಳ ಹೆಸರು ಬಿಟ್ಟುಹೋದರೆ ಮರುದಿನ ಬೆಳಿಗ್ಗೆ ಎಲ್ಲರೆದುರು ರೈಟರನ ಗ್ರಹಚಾರ ಬಿಡಿಸುತ್ತಿದ್ದಳು.

ರುದರ್‌ಫೋರ್ಡರನ್ನು ಕಡಿಮೆ ಮಾಡಲು ಇದನ್ನು ಬರೆಯುತ್ತಿಲ್ಲ. ಆ 8000ಕ್ಕೆ ಒಂದು ಎಂಬುದರ ಅರ್ಥ ಏನೆಂದು ತಲೆ ಕೆಡಿಸಿಕೊಂಡು, ಪರಮಾಣುವಿನ ತೂಕವೆಲ್ಲ ನಡುವಿನ ಅತಿ ಚಿಕ್ಕ ಜಾಗದಲ್ಲಿ ಅಡಗಿದೆ ಎಂದು 1911ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಅವರೇ. ಅಂಥ ಬುದ್ಧಿ ಎಲ್ಲರಿಗೂ ಬರುವುದಿಲ್ಲ. ಅವರು ಈ ಇಬ್ಬರನ್ನು ಮರೆಮಾಡಲೂ ಇಲ್ಲ. 1909ರ ಲೇಖನ ಬಂದದ್ದು ಗೈಗರ್ ಮತ್ತು ಮಾರ್ಸ್ಡನ್ ಹೆಸರಿನಲ್ಲಿ ಮಾತ್ರ. ತಮ್ಮ 1911ರ ಲೇಖನದಲ್ಲೂ ಇಬ್ಬರನ್ನು ಹೆಸರು ಹೇಳಿಯೇ ಉಲ್ಲೇಖಿಸಿದ್ದಾರೆ. ಅಳಿಸಿದವರು ಆಮೇಲಿನ ನಾವು. ರುದರ್‌ಫೋರ್ಡರ ಆ ಲೆಕ್ಕ ಸರಿಯೇ ಎಂದು ಮತ್ತೆ ಕತ್ತಲಲ್ಲಿ ಕೂತು, ಒಂದು ಲಕ್ಷಕ್ಕೂ ಹೆಚ್ಚು ಮಿಣುಕು ಎಣಿಸಿ, 1913ರಲ್ಲಿ ಹೌದು ಎಂದವರೂ ಇವರಿಬ್ಬರೇ.

ಗೈಗರ್ ಹೆಸರು ವಿಕಿರಣ ಅಳೆಯುವ ಕೌಂಟರಿನಲ್ಲಾದರೂ ಉಳಿದಿದೆ (1928ರ ಕೊಳವೆಯಲ್ಲಿ ವಾಲ್ಟರ್ ಮ್ಯುಲರ್ ಪಾಲೂ ಇತ್ತು, ಅವರನ್ನೂ ಯಾರೂ ನೆನೆಯುವುದಿಲ್ಲ). ಮಾರ್ಸ್ಡನ್ 1915ರಲ್ಲಿ ಪ್ರಾಧ್ಯಾಪಕರಾಗಿ ನ್ಯೂಜಿಲೆಂಡಿಗೆ ಹೋದರು. ರುದರ್‌ಫೋರ್ಡ್ ಹುಟ್ಟಿದ್ದು ಅದೇ ದೇಶದಲ್ಲಿ.

ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿ ಈ ಇಬ್ಬರೂ ಇದ್ದಾರೆ. ಆದರೆ ಎಸ್‌ಎಸ್‌ಎಲ್‌ಸಿ ಮುಗಿಸಿ ಕಾಮರ್ಸಿಗೋ ಐಟಿಐಗೋ ಹೋಗುವ ಮಕ್ಕಳು ಆ ಪುಟ ತೆರೆಯುವುದಿಲ್ಲ. ಅವರ ಕೈಗೆ ಸಿಗುವುದು ತಮ್ಮ ಪತ್ರಿಕೆ. ಮುಂದೆ ಆ ಚಿತ್ರ ಮತ್ತೆ ಹಾಕುವಾಗ ಕೆಳಗೆ ಒಂದು ಸಾಲು ಸೇರಿಸಿದರೆ ಸಾಕು: ಪ್ರಯೋಗ, ಗೈಗರ್ ಮತ್ತು ಮಾರ್ಸ್ಡನ್, 1909; ವಿವರಣೆ, ರುದರ್‌ಫೋರ್ಡ್, 1911.

– ನಿವೃತ್ತ ಎಸ್ಟೇಟ್ ರೈಟರ್, ಸಿದ್ದಾಪುರ, ಕೊಡಗು