ಮಗಳಿಗೊಂದು ಪತ್ರ: ಎರಡು ಚೌಕಗಳ ನಡುವಿನ ಖಾಲಿ ಜಾಗ

ಪ್ರೀತಿಯ ಪುಟ್ಟಿ,

ನಿನ್ನ ಕರಡು ಪುಟಗಳು ಬಂದವು. ಹದಿನೇಳನೆಯ ಶತಮಾನದ ಯುರೋಪಿನ ತತ್ವಶಾಸ್ತ್ರವನ್ನು ನೀನು ಕಾಮಿಕ್ಸ್‌ನಲ್ಲಿ ಹೇಳಹೊರಟಿರುವುದು ನನಗೆ ಸಂತೋಷ. ಅದನ್ನೇ ಕರಿಹಲಗೆಯ ಮುಂದೆ ನಿಂತು ಪಾಠ ಮಾಡಿದವಳಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆದರೆ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ನ ಭಾಗ ನನಗೆ ಹಿಡಿಸಲಿಲ್ಲ. 1619ರ ನವೆಂಬರ್ ಚಳಿ, ಒಲೆ ಉರಿಯುವ ಕೋಣೆ, ಮೂರು ಕನಸುಗಳು. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಕೊನೆಯಲ್ಲಿ ಸ್ಟಾಕ್‌ಹೋಮ್, ಬೆಳಗಿನ ಐದಕ್ಕೆ ಸ್ವೀಡನ್ನಿನ ರಾಣಿ ಕ್ರಿಸ್ಟಿನಾಗೆ ಪಾಠ, 1650ರ ಫೆಬ್ರವರಿಯಲ್ಲಿ ಸಾವು. ಇವೆರಡರ ನಡುವೆ ಅವನು ಯೋಚಿಸಿದ್ದಕ್ಕೆ ನೀನು ಕೊಟ್ಟಿರುವುದು ಒಂದೇ ಒಂದು ಮಾತಿನ ಗುಳ್ಳೆ: ‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ.’ ಅಷ್ಟು ಟೀ ಶರ್ಟಿನ ಮೇಲೂ ಸಿಗುತ್ತದೆ.

ಆ ಕಾಲದ ಪುಸ್ತಕಗಳಲ್ಲಿ ಚಿತ್ರವೇ ಎಷ್ಟು ವಾದ ಮಾಡುತ್ತಿತ್ತು ಗೊತ್ತೇ? 1651ರಲ್ಲಿ ಬಂದ, ಇಂಗ್ಲಿಷ್ ತತ್ವಜ್ಞಾನಿ ಹಾಬ್ಸ್‌ನ ‘ಲೆವಯಥನ್’ ತೆರೆದು ನೋಡು. ಆಗಿನ್ನೂ ಇಂಗ್ಲೆಂಡಿನ ಅಂತರ್ಯುದ್ಧದ ಗಾಯ ಹಸಿಯಾಗಿತ್ತು. ಹಾಬ್ಸ್ ಪ್ಯಾರಿಸ್‌ನಲ್ಲಿ ಕುಳಿತು ಬರೆದಿದ್ದ. ಮೊದಲ ಪುಟದ ಚಿತ್ರವನ್ನು ಅಬ್ರಹಾಂ ಬಾಸ್ ಕೆತ್ತಿದನೆಂದು ವಿದ್ವಾಂಸರು ಹೇಳುತ್ತಾರೆ. ಬೆಟ್ಟಗಳ ಹಿಂದಿನಿಂದ ಕಿರೀಟ ತೊಟ್ಟ ದೈತ್ಯನೊಬ್ಬ ಎದ್ದು ನಿಂತಿದ್ದಾನೆ, ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಬಿಷಪ್ಪರ ದಂಡ. ಹತ್ತಿರ ಹೋದರೆ ಅವನ ಎದೆ, ತೋಳುಗಳೆಲ್ಲ ಪುಟಾಣಿ ಮನುಷ್ಯರಿಂದಲೇ ಆಗಿವೆ. 300ಕ್ಕೂ ಹೆಚ್ಚು ಜನ, ನಮಗೆ ಬೆನ್ನು ಹಾಕಿ ಅವನ ಮುಖವನ್ನೇ ನೋಡುತ್ತಿದ್ದಾರೆ. ಮೈಯೆಲ್ಲ ಪ್ರಜೆಗಳದ್ದು, ತಲೆ ಮಾತ್ರ ಅವನದ್ದು! ಜನರೆಲ್ಲ ಸೇರಿ ಒಬ್ಬ ಅರಸನಿಗೆ ಅಧಿಕಾರ ಒಪ್ಪಿಸಿದರೇ ಶಾಂತಿ ಎಂಬ ನೂರಾರು ಪುಟಗಳ ವಾದ ಅಲ್ಲೇ ಇದೆ, ಆ ವಾದದ ಅಪಾಯವೂ ಅಲ್ಲೇ ಇದೆ. ಕೆಳಗಡೆ ನೋಡುವುದನ್ನು ಮರೆಯಬೇಡ. ಎಡಕ್ಕೂ ಬಲಕ್ಕೂ ಐದೈದು ಚೌಕಗಳು ಎದುರುಬದುರಾಗಿವೆ: ಕೋಟೆಗೆ ಚರ್ಚು, ಕಿರೀಟಕ್ಕೆ ಬಿಷಪ್ಪರ ಟೊಪ್ಪಿಗೆ, ಫಿರಂಗಿಗೆ ಸಿಡಿಲು. ಸೈನಿಕರ ಆಯುಧಗಳಿಗೆ ಎದುರಾಗಿ ಪಂಡಿತರ ತರ್ಕ. ಅದನ್ನೂ ಮೊನಚಾದ ಕವೆಗಳಾಗಿಯೇ ಬರೆದಿದ್ದಾರೆ. ರಣರಂಗಕ್ಕೆ ಎದುರಾಗಿ ವಾದಸಭೆ. ಇದು ಕಾಮಿಕ್ಸ್ ಅಲ್ಲದೆ ಮತ್ತೇನು?

ಈಗ ಡೆಕಾರ್ಟ್‌ಗೆ ಬರುತ್ತೇನೆ. 1633ರಲ್ಲಿ ಗೆಲಿಲಿಯೋಗೆ ಶಿಕ್ಷೆಯಾದದ್ದನ್ನು ಕೇಳಿ ಅವನು ಅಚ್ಚಿಗೆ ಕೊಡದೆ ತಡೆದಿಟ್ಟ ಬರವಣಿಗೆಯಲ್ಲಿ ಮನುಷ್ಯನ ದೇಹದ ಭಾಗವೂ ಇತ್ತು. ಅದರ ಫ್ರೆಂಚ್ ಮುದ್ರಣ 1664ರಲ್ಲಿ, ಅವನು ತೀರಿಕೊಂಡ ಮೇಲೆ, ಬೇರೆಯವರು ಬರೆದ ಚಿತ್ರಗಳೊಂದಿಗೆ ಬಂತು. ಅದರಲ್ಲೊಬ್ಬ ಹುಡುಗ ಬೆಂಕಿಯ ಬಳಿ ಕಾಲು ಚಾಚಿದ್ದಾನೆ. ಪಾದದಿಂದ ಮಿದುಳಿನವರೆಗೆ ಒಂದು ಎಳೆ. ಹಗ್ಗದ ಈ ತುದಿ ಎಳೆದರೆ ಆ ತುದಿಯಲ್ಲಿ ಗಂಟೆ ಬಾರಿಸುವಂತೆ, ಬೆಂಕಿ ತಾಕಿದೊಡನೆ ಎಳೆ ಜಗ್ಗಿ ಮಿದುಳಿನಲ್ಲಿ ರಂಧ್ರವೊಂದು ತೆರೆದುಕೊಳ್ಳುತ್ತದೆ ಎನ್ನುತ್ತಾನೆ ಡೆಕಾರ್ಟ್. ಇಲ್ಲಿಯವರೆಗೆ ಬರೆಯುವುದು ನಿನಗೆ ಸುಲಭ. ಮುಂದಿನ ಚೌಕದಲ್ಲಿ ಹುಡುಗನಿಗೆ ನೋವಾಗಬೇಕು. ಆತ್ಮಕ್ಕೆ ಉದ್ದ, ಅಗಲ, ತೂಕ ಯಾವುದೂ ಇಲ್ಲವೆಂದು ಹೇಳಿದವನೂ ಅವನೇ. ಹಾಗಾದರೆ ಬಾಣದ ಗುರುತಿನ ತುದಿಯನ್ನು ಎಲ್ಲಿಗೆ ಮುಟ್ಟಿಸುತ್ತೀಯ?

ಇದನ್ನೇ 1643ರ ಮೇ ತಿಂಗಳಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಕಾಗದ ಬರೆದು ಕೇಳಿದಳು. ರಾಜ್ಯ ಕಳೆದುಕೊಂಡು ಹೇಗ್ ನಗರದಲ್ಲಿದ್ದ ಕುಟುಂಬದ ಹುಡುಗಿ, ವಯಸ್ಸು 24. ತಳ್ಳಬೇಕಾದರೆ ಮುಟ್ಟಬೇಕು, ಮೈಯೇ ಇಲ್ಲದ್ದು ಹೇಗೆ ಮುಟ್ಟುತ್ತದೆ? ಡೆಕಾರ್ಟ್ ಬಹಳ ವಿನಯದಿಂದ ಉತ್ತರ ಬರೆದ, ಆದರೆ ಉತ್ತರ ಕೊಡಲಿಲ್ಲ. ಅದಕ್ಕಿಂತ ಆತ್ಮಕ್ಕೂ ಮೈಯಿದೆ ಎಂದು ಒಪ್ಪುವುದೇ ನನಗೆ ಸುಲಭ ಎಂದು ಅವಳು ತಿರುಗಿ ಬರೆದಳು. ನಿನ್ನ ಕರಡಿನಲ್ಲಿ ಅವಳು ಒಂದೇ ಚೌಕದಲ್ಲಿ ಬೀಸಣಿಗೆ ಹಿಡಿದು ನಿಂತಿದ್ದಾಳೆ. ಅವಳಿಂದಲೇ ಆರಂಭಿಸು ಎನ್ನುತ್ತೇನೆ ನಾನು.

ಯಾಕೆಂದರೆ ನಿನ್ನ ಕಲೆಯಲ್ಲಿ ಎರಡು ಚೌಕಗಳ ನಡುವೆ ಒಂದು ಖಾಲಿ ಪಟ್ಟಿ ಇರುತ್ತದೆ. ಅಲ್ಲಿ ಏನಾಯಿತೆಂದು ಓದುಗರೇ ಊಹಿಸಿಕೊಳ್ಳುತ್ತಾರೆ. ಎಲಿಜಬೆತ್ ಬೆರಳಿಟ್ಟು ತೋರಿಸಿದ್ದು ಅದೇ ಪಟ್ಟಿಯನ್ನು. ಆಮೇಲಿನವರು ಅದನ್ನು ತುಂಬಲು ಹೊರಟರು. ಬೆಂಕಿಯ ಹುಡುಗನಿರುವ ಆ ಪುಸ್ತಕವನ್ನು ಫ್ರೆಂಚ್ ಪಾದ್ರಿ, ತತ್ವಜ್ಞಾನಿ ಮಾಲ್‌ಬ್ರಾಂಶ್ ಪ್ಯಾರಿಸ್‌ನಲ್ಲಿ ಓದುವಾಗ, ಎದೆ ಡವಡವ ಹೊಡೆದುಕೊಂಡು ನಡುನಡುವೆ ನಿಲ್ಲಿಸಬೇಕಾಯಿತಂತೆ. ಅವನ ಪ್ರಕಾರ ಕಾಲು ಸುಟ್ಟ ಪ್ರತಿ ಸಲವೂ ನೋವನ್ನು ಉಂಟುಮಾಡುವವನು ದೇವರು. ಖಾಲಿ ಪಟ್ಟಿಯಲ್ಲಿ ದೇವರಿಗೆ ಬಿಡುವೇ ಇಲ್ಲ. ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ನಿನ್ನ ಕೆಲಸವನ್ನು ಅರ್ಧ ಮಾಡಿಟ್ಟಿದ್ದಾನೆ. ಮನಸ್ಸು, ದೇಹಗಳನ್ನು ಅವನು ಗಡಿಯಾರಗಳಿಗೆ ಹೋಲಿಸುತ್ತಾನೆ. ಎರಡು ಗಡಿಯಾರಗಳು ಒಂದೇ ಸಮಯ ತೋರಿಸುತ್ತಿವೆ, ಇದಕ್ಕೆ ಮೂರು ಕಾರಣಗಳಿರಬಹುದು: ಒಂದು ಇನ್ನೊಂದನ್ನು ನಡೆಸುತ್ತಿರಬಹುದು, ಯಾರೋ ಪಕ್ಕದಲ್ಲಿ ನಿಂತು ಸರಿಪಡಿಸುತ್ತಿರಬಹುದು, ಅಥವಾ ಮಾಡುವಾಗಲೇ ಅಷ್ಟು ಚೆನ್ನಾಗಿ ಮಾಡಿರಬಹುದು. ಮೂರು ಚೌಕ, ಮುಗಿಯಿತು.

ಡಚ್ ತತ್ವಜ್ಞಾನಿ ಸ್ಪಿನೋಜಾ ಹೇಳಿದ್ದೇ ಬೇರೆ. ಮನಸ್ಸು, ದೇಹ ಎರಡು ವಸ್ತುಗಳೇ ಅಲ್ಲ, ಒಂದೇ ವಸ್ತು ಎರಡು ಬಗೆಯಲ್ಲಿ ಕಾಣುವುದು. ಚಿತ್ರವೂ ಮಾತೂ ಒಂದೇ ಚೌಕದಲ್ಲಿದ್ದು ಒಂದನ್ನೊಂದು ತಳ್ಳದೆ ಒಂದೇ ಸಂಗತಿಯನ್ನು ಹೇಳುವುದನ್ನು ನೀನು ದಿನವೂ ನೋಡುತ್ತೀಯಲ್ಲ, ಅವನು ನಿನಗೆ ನನಗಿಂತ ಬೇಗ ಅರ್ಥವಾಗಬೇಕು. 23ನೆಯ ವಯಸ್ಸಿನಲ್ಲಿ ಯಹೂದಿ ಸಮುದಾಯದಿಂದ ಬಹಿಷ್ಕಾರ, ಮಸೂರ ಉಜ್ಜುವ ಕಸುಬು ಎಲ್ಲವನ್ನೂ ಬರೆ, ಬೇಡವೆನ್ನುವುದಿಲ್ಲ. ಆದರೆ 1665ರಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನ ಸಂಘದ ಕಾರ್ಯದರ್ಶಿ ಓಲ್ಡನ್‌ಬರ್ಗ್‌ಗೆ ಬರೆದ ಕಾಗದದಲ್ಲಿ ರಕ್ತದೊಳಗೆ ಬದುಕುವ ಹುಳುವೊಂದು ಬರುತ್ತದೆ. ಅದಕ್ಕೆ ಕಣ್ಣಿದೆ, ಬುದ್ಧಿಯಿದೆ. ರಕ್ತದ ಒಂದೊಂದು ಕಣವೂ ತನ್ನಷ್ಟಕ್ಕೆ ತಾನೇ ಪೂರ್ಣವೆಂದು ಅದು ತಿಳಿದಿದೆ. ವಿಶ್ವದಲ್ಲಿ ನಾವು ಬದುಕುತ್ತಿರುವುದೂ ಹೀಗೆಯೇ ಎನ್ನುತ್ತಾನೆ. ಮೊದಲು ಹುಳುವಿನ ಮುಖ, ಪುಟ ತಿರುವಿದರೆ ರಕ್ತನಾಳ, ಇನ್ನೊಂದು ತಿರುವಿದರೆ ಮನುಷ್ಯ, ಆಮೇಲೆ ಊರು, ಆಕಾಶ. ಇದನ್ನು ನಾನು ಕರಿಹಲಗೆಯ ಮೇಲೆ ಹೇಗೆ ತೋರಿಸಲಿ?

ಇನ್ನೊಂದು ತಕರಾರು. ಕಾಣುವುದೆಲ್ಲ ಪಿಶಾಚಿಯೊಂದರ ಮೋಸವಿರಬಹುದೇ ಎಂದು ಡೆಕಾರ್ಟ್ ಸಂಶಯಪಟ್ಟನಲ್ಲ, ಆ ಪಿಶಾಚಿಗೆ ನೀನು ಕೊಂಬು, ಬಾಲ ಬರೆದಿದ್ದೀಯ. ಅಳಿಸು. ಅದು ಕಣ್ಣಿಗೆ ಬಿದ್ದರೆ ಸಂಶಯಕ್ಕೆ ಜಾಗವೆಲ್ಲಿ? ಸುತ್ತ ಎಲ್ಲವೂ ಸಾಮಾನ್ಯವಾಗಿಯೇ ಇರಬೇಕು, ಒಂದು ಮೇಣದ ತುಂಡು, ಒಂದು ಕಾಗದ, ಅಷ್ಟೇ.

ಲೈಬ್ನಿಟ್ಸ್‌ನ ವಿಗ್ ಎಷ್ಟು ದೊಡ್ಡದಾದರೂ ಪರವಾಗಿಲ್ಲ. 1676ರ ನವೆಂಬರಿನಲ್ಲಿ ಅವನು ಹೇಗ್‌ಗೆ ಹೋಗಿ ಸ್ಪಿನೋಜಾನನ್ನು ಕಂಡು ಮಾತಾಡಿದ್ದ, ಆಮೇಲೆ ಅದೇನೂ ದೊಡ್ಡ ಭೇಟಿಯಲ್ಲ ಎಂಬಂತೆ ಹೇಳಿಕೊಂಡ. ಅದಕ್ಕೆ ಎರಡು ಪುಟ ಇಟ್ಟುಕೋ. ಹುಳುವಿನ ಪುಟಗಳು ಮುಗಿದ ಕೂಡಲೇ ಬಣ್ಣ ಹಚ್ಚುವ ಮೊದಲೇ ಕಳುಹಿಸು, ಬಣ್ಣ ಹಚ್ಚಿದ ಮೇಲೆ ನೀನು ನನ್ನ ಮಾತು ಕೇಳುವುದಿಲ್ಲ.

ನಿನ್ನ
ಅಮ್ಮ