ಉಮಿಕರಿಯ ಬಾಟಲಿ

ಉಡುಪಿ, ಬುಧವಾರ ರಾತ್ರಿ

ಪುಟ್ಟೀ,

ಮೊನ್ನೆ ನೀನು ಫೋನ್ ಇಟ್ಟ ಮೇಲೆ ಅಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. "ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮಲ್, ಸವೆದಿದೆಯಂತೆ ಅಪ್ಪ" ಅಂತ ನೀನು ಹೆದರಿ ಹೇಳಿದರೆ, "ಈ ಪ್ರಾಯಕ್ಕೆ ಎಂತ ಹಲ್ಲು ಸವೆಯುವುದು, ಬೆಂಗಳೂರಿನ ಡಾಕ್ಟರಿಗೆ ದುಡ್ಡು ಬೇಕು ಅಷ್ಟೇ" ಅಂದುಬಿಟ್ಟೆ. ತಪ್ಪಾಯಿತು. ಬಾಯಲ್ಲಿ ಹೇಳಲಿಕ್ಕೆ ಬರುವುದಿಲ್ಲ, ಅದಕ್ಕೇ ಕಾಗದ.

ಆವತ್ತಿನಿಂದ ಕಣ್ಣ ಮುಂದೆ ಬಾವಿಕಟ್ಟೆಯೇ. ಅಜ್ಜಿ ಉಮಿ ಸುಟ್ಟು, ಉಪ್ಪು ಸೇರಿಸಿ ಕುಟ್ಟಿ, ಹಾರ್ಲಿಕ್ಸ್ ಬಾಟಲಿಗೆ ತುಂಬಿಡುತ್ತಿದ್ದ ಉಮಿಕರಿ. ನಿನ್ನ ಗದ್ದ ಹಿಡಿದು, ತೋರುಬೆರಳಲ್ಲಿ ಗಸಗಸ ಉಜ್ಜುತ್ತಿದ್ದದ್ದು ನಾನು. ಕಪ್ಪು ಎಂಜಲು ನನ್ನ ಮೊಣಕೈವರೆಗೆ ಇಳಿಯುತ್ತಿತ್ತು. "ಉರೀತದೆ" ಅಂತ ನೀನು ಅತ್ತರೆ "ಉರಿದರೇ ಬೆಳ್ಳಗಾಗುವುದು" ಅನ್ನುತ್ತಿದ್ದೆ. ಹಾಲುಹಲ್ಲು, ಹೇಗೂ ಬಿದ್ದುಹೋಯಿತು ಅಂತ ಸಮಾಧಾನ ಮಾಡಿಕೊಂಡೆ. ಆದರೆ ಎದುರಿನ ಗಟ್ಟಿ ಹಲ್ಲು ಏಳೆಂಟು ವರ್ಷಕ್ಕೇ ಬರುತ್ತದಲ್ಲ! ನಿನಗೆ ಹತ್ತಾಗುವವರೆಗೂ ಉಜ್ಜಿದ್ದೇನೆ. ನಿನ್ನೆ ರಾತ್ರಿಯೂ ಅದೇ ಲೆಕ್ಕ.

ತಡೆಯಲಾಗದೆ ಇಲ್ಲಿಯ ಹಲ್ಲಿನ ಡಾಕ್ಟರನ್ನು ಕೇಳಿಬಂದೆ. ಉಮಿಕರಿ ಒಳ್ಳೆಯದಲ್ಲ, ಆದರೆ ನಿಮ್ಮ ಮಗಳು ಈಗ ಎಂತ ಮಾಡುತ್ತಾಳೆ ಅಂತ ಅವರು ಕೇಳಿದರು. ಬೆಳಿಗ್ಗೆ ಲಿಂಬೆ-ಜೇನು ನೀರು, ಕೂಡಲೇ ಬ್ರಷ್ ಅಂದೆ. ತಲೆ ಅಲ್ಲಾಡಿಸಿದರು. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬಾಯಲ್ಲಿ ಅದು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಂತೆ. ಲಿಂಬೆರಸದ್ದು 2ರ ಆಸುಪಾಸು. ಮೆತ್ತಗಾದ ಹಲ್ಲನ್ನು ಆಗಲೇ ತಿಕ್ಕಿದರೆ ಮತ್ತೆಂತ ಉಳಿಯುತ್ತದೆ? ಮೊದಲು ಬ್ರಷ್ ಮಾಡು. ಹುಳಿ ಕುಡಿದರೆ ಬರೀ ನೀರಲ್ಲಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಡು.

ಎನಾಮಲ್ಲಿನಲ್ಲಿ ಜೀವಕೋಶ ಇಲ್ಲ, ಹೋದದ್ದು ಚಿಗುರುವುದಿಲ್ಲ. ಬರೀ ಮೆತ್ತಗಾದದ್ದಾದರೆ ಎಂಜಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಹೀರಿ ಪುನಃ ಗಟ್ಟಿಯಾಗುತ್ತದೆ, ಅದಕ್ಕೆ ಫ್ಲೋರೈಡ್ ಒತ್ತಾಸೆ. ಪೇಸ್ಟಿನ ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು, ಉಂಟಾ ನೋಡು. ರಾತ್ರಿ ನಿದ್ದೆಯಲ್ಲಿ ಎಂಜಲು ಕಡಿಮೆ, ಹಾಗಾಗಿ ಮಲಗುವ ಮೊದಲಿನದ್ದನ್ನು ತಪ್ಪಿಸಬೇಡ. ಉಗುಳು, ಆದರೆ ಬಾಯಿ ತುಂಬ ನೀರು ಹಾಕಿ ತೊಳೆಯಬೇಡ. ಮೆತ್ತನೆ ಬ್ರಷ್. ಆನ್‌ಲೈನಲ್ಲಿ ತರಿಸಿದಿಯಲ್ಲ ಆ ಚಾರ್ಕೋಲ್ ಪೇಸ್ಟು, ಅದು ಟ್ಯೂಬಿಗೆ ತುಂಬಿದ ಉಮಿಕರಿ ಮಾರಾಯ್ತಿ! ಕಪ್ಪು ಹಾಕಿ ತಿಕ್ಕಿದರೆ ಬಿಳಿ ಅಂತ ನಿನ್ನ ತಲೆಗೆ ತುಂಬಿದ್ದೂ ನಾನೇ ಇರಬೇಕು.

ಭಾಷಣವಾಯಿತು, ಗೊತ್ತು. ನೀನಾದರೂ ನಿನ್ನದೇ ದುಡ್ಡಲ್ಲಿ ಬೇಗ ತೋರಿಸಿದೆ. ನಾನು ಹೋದದ್ದು ಎರಡು ದವಡೆಹಲ್ಲು ಕಳೆದುಕೊಂಡ ಮೇಲೆ.

ಅಮ್ಮ ಪುನರ್ಪುಳಿ ಸಿಪ್ಪೆ ಕಟ್ಟಿಟ್ಟಿದ್ದಾಳೆ. ಹುಳಿ, ಬೇಡ ಅಂದೆ. "ಸಾರಿಗೆ ಹಾಕಲಿಕ್ಕೆ, ದಿನವಿಡೀ ಚೀಪಲಿಕ್ಕಲ್ಲ" ಅಂತ ಬೈದಳು. ನಾಳೆ ರಾತ್ರಿ ಬಸ್ಸಿಗೆ ಕೊಡುತ್ತೇನೆ. ಭಾನುವಾರ ಫೋನ್ ಮಾಡು, ನಾನೇ ಎತ್ತುತ್ತೇನೆ.

ಅಪ್ಪ