ಈ ಶನಿವಾರದ ಓದು: ಟಾರಾ ವೆಸ್ಟೋವರ್ ಅವರ ‘ಎಜುಕೇಟೆಡ್’

ಎಲ್ಲರಿಗೂ ನಮಸ್ಕಾರ. ಶನಿವಾರ ಭಾರತದ ಸಮಯ ಸಂಜೆ 7:30ಕ್ಕೆ ಜೂಮ್‌ನಲ್ಲಿ ಸೇರೋಣ. ಬೇರೆ ದೇಶದಲ್ಲಿರುವವರು ನಿಮ್ಮೂರಿನ ಸಮಯ ಒಮ್ಮೆ ನೋಡಿಕೊಳ್ಳಿ.

ಇದು ಟಾರಾ ಅವರ ಆತ್ಮಕಥನ. ಅಮೆರಿಕದ ಐಡಾಹೊ ರಾಜ್ಯದ ಬೆಟ್ಟದ ಬುಡದಲ್ಲಿ ಬೆಳೆದು, ಶಾಲೆಯ ಮೆಟ್ಟಿಲನ್ನೇ ಹತ್ತದ ಹುಡುಗಿ ಕೊನೆಗೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಅದನ್ನೇ ಮತ್ತೆ ಹೇಳುತ್ತಾ ಕೂರೋದು ಬೇಡ. ನನಗೆ ಜಾಸ್ತಿ ಹಿಡಿಸಿದ್ದು ಅಡಿಟಿಪ್ಪಣಿಗಳು. ಟಾರಾ ಅವರ ಅಣ್ಣ ಲ್ಯೂಕನ ಕಾಲು ಸುಟ್ಟಿತಲ್ಲ, ಆಗ ಅವನು ಒಬ್ಬನೇ ಮನೆಗೆ ಬಂದನಾ, ಅಪ್ಪ ಕರೆತಂದರಾ? ಒಬ್ಬೊಬ್ಬರಿಗೆ ಒಂದೊಂದು ಥರ ನೆನಪು. ಲೇಖಕಿ ಅದನ್ನು ಮುಚ್ಚಿಟ್ಟಿಲ್ಲ, ಪುಸ್ತಕದ ಕೊನೆಯಲ್ಲೂ ಬರೆದಿದ್ದಾರೆ. ಆ ಪುಟಗಳನ್ನು ದಯವಿಟ್ಟು ಹಾರಿಸಬೇಡಿ. ಯಾರದು ಸುಳ್ಳು ಅಂತ ಪಂಚಾಯ್ತಿ ಮಾಡೋದು ನಮ್ಮ ಕೆಲಸ ಅಲ್ವಲ್ಲ. ಒಬ್ಬರ ನೆನಪಿನ ಮೇಲೆ ಇಡೀ ಮನೆಯ ಕಥೆ ಹೇಳಬಹುದಾ ಅನ್ನೋದರಿಂದ ಚರ್ಚೆ ಶುರು ಮಾಡೋಣ.

ಟಾರಾ ಅವರ ಮನೆಯವರು ಮಾರ್ಮನ್ನರು, ಅಂದರೆ ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು. ಮಾರ್ಮನ್ನರೆಲ್ಲ ಹೀಗೇ ಅಂತ ಮಾತ್ರ ಯಾರೂ ಹೇಳಬೇಡಿ. ಇದು ಆ ಧರ್ಮದ ಕಥೆ ಅಲ್ಲ ಅಂತ ಲೇಖಕಿಯೇ ಮೊದಲಿಗೇ ಬರೆದಿದ್ದಾರೆ. ಹೊಡೆತ-ಬಡಿತದ ಭಾಗಗಳು ಓದಲು ಕಷ್ಟ, ಬೇಕಿದ್ದರೆ ಬಿಟ್ಟು ಓದಿ. ನಿಮ್ಮ ಮನೆಯ ವಿಷಯ ಹೇಳಲೇಬೇಕೆಂಬ ಬಲವಂತವೂ ಇಲ್ಲ.

ಪೂರ್ತಿ ಓದಲು ಆಗದವರು ಮೊದಲ ಭಾಗ, ಕೊನೆಯ ಟಿಪ್ಪಣಿ ಓದಿ ಬನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.